ಎರಡೂ ಕೈ ಬೇಕು

1977ರ ಆಪಲ್-2 ಕಂಪ್ಯೂಟರಿನಲ್ಲಿ ರೀಸೆಟ್ ಕೀಲಿ ಇದ್ದದ್ದು ರಿಟರ್ನ್ ಕೀಲಿಯ ನೆತ್ತಿಯ ಮೇಲೆ. ಸಾಲು ಮುಗಿಸಲು ಹೋದ ಕಿರುಬೆರಳು ತುಸು ಮೇಲೆ ಜಾರಿದರೂ ಸಾಕು, ಓಡುತ್ತಿದ್ದ ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿತ್ತು. ಕೆಲವರು ಆ ಕೀಲಿಯ ಕೆಳಗೆ ರಬ್ಬರ್ ಉಂಗುರ ತೂರಿಸಿ ಅದನ್ನು ಬಿಗಿ ಮಾಡಿಕೊಂಡರು. ಆಮೇಲೆ ಬಂದ ಯಂತ್ರಗಳಲ್ಲಿ ಕಂಟ್ರೋಲ್ ಕೀಲಿಯನ್ನೂ ಜೊತೆಗೆ ಒತ್ತಿದರೆ ಮಾತ್ರ ರೀಸೆಟ್ ಕೆಲಸ ಮಾಡುತ್ತಿತ್ತು.

ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಐಬಿಎಂ ಪಿಸಿಯನ್ನು ಕಟ್ಟುತ್ತಿದ್ದವರಿಗೂ ಇದೇ ತಲೆನೋವು ಬಂತು, ಆದರೆ ಬೇರೆ ದಾರಿಯಿಂದ. ಪರೀಕ್ಷೆಯ ಹಂತದ ಯಂತ್ರ ಮತ್ತೆಮತ್ತೆ ಸ್ತಬ್ಧವಾಗುತ್ತಿತ್ತು. ಸ್ವಿಚ್ ಆರಿಸಿ ಹಾಕಿದರೆ ಮೆಮರಿಯ ತಪಾಸಣೆ ಮೊದಲಿನಿಂದ ಶುರು. ಅದು ಮುಗಿಯುವತನಕ ಕೈಕಟ್ಟಿ ಕೂರಬೇಕು. ಬೇಸತ್ತ ಎಂಜಿನಿಯರ್ ಡೇವಿಡ್ ಬ್ರಾಡ್ಲಿ ಒಂದು ಒಳದಾರಿ ಮಾಡಿದರು: ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ತಪಾಸಣೆಯ ಗೊಡವೆಯಿಲ್ಲದೆ ರೀಬೂಟ್. ಆದರೆ ಮೂರೂ ಎಡಗಡೆಯ ಕೀಲಿಗಳು. ಎಡಗೈ ಒಂದೇ ಎಡವಿದರೂ ಅಷ್ಟು ಹೊತ್ತಿನ ಕೆಲಸ ನೀರುಪಾಲು. ಹಾಗಾಗಿ ಎಸ್ಕೇಪನ್ನು ಬಿಟ್ಟು ಬಲತುದಿಯ ಡಿಲೀಟನ್ನು ಆರಿಸಿದರು. 1981ರಲ್ಲಿ ಪಿಸಿ ಮಾರುಕಟ್ಟೆಗೆ ಬಂದಾಗ ಅದನ್ನು ರೀಬೂಟ್ ಮಾಡಲು ಎರಡೂ ಕೈ ಬೇಕಿತ್ತು.

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತೇವೆ. ಅದು ದಾನದ ಮಾತು. ಅಳಿಸುವಾಗ, ಆರಿಸುವಾಗ ಎಡಗೈಗೂ ಗೊತ್ತಿರಬೇಕು. ಅದರ ಒಪ್ಪಿಗೆಯೂ ಸಿಗಬೇಕು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಿತ್ತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಲಾಗಿನ್ ಆಗುವುದಕ್ಕೂ ಇದೇ ಮೂರು ಕೀಲಿಗಳನ್ನು ಕೇಳಿತು. ಯಂತ್ರವನ್ನು ಕೆಡವುತ್ತಿದ್ದ ಒತ್ತು ಇಲ್ಲಿ ಬಾಗಿಲು ತಟ್ಟುವ ಸದ್ದಾಯಿತು. ಈಗ ಸರ್ವರ್ ಕೋಣೆಯೊಂದನ್ನು ನೆನೆಸಿಕೊಳ್ಳಿ. ಹಲವು ಯಂತ್ರಗಳಿಗೆ ಒಂದೇ ಕೀಬೋರ್ಡ್, ಒಂದೇ ಪರದೆ. ಪರದೆ ಕಪ್ಪಾಗಿದೆ. ವಿಂಡೋಸ್ ಎಂದುಕೊಂಡು ಲಾಗಿನ್ ಆಗಲು ಮೂರು ಕೀಲಿ ಒತ್ತುತ್ತೀರಿ. ಕೀಬೋರ್ಡ್ ಆ ಗಳಿಗೆಯಲ್ಲಿ ಲಿನಕ್ಸ್ ಸರ್ವರಿಗೆ ಜೋಡಣೆಯಾಗಿರುತ್ತದೆ; ಅಲ್ಲಿ ಆ ಒತ್ತಿಗೆ ಹಳೆಯ ಅರ್ಥವೇ. ನೂರಾರು ಜನ ಬಳಸುತ್ತಿರುವ ಯಂತ್ರ ತಣ್ಣಗೆ ರೀಬೂಟ್ ಆಗುತ್ತದೆ. ಇಲ್ಲಿ ಕೈ ಜಾರಲಿಲ್ಲ. ಎರಡೂ ಕೈ ಸರಿಯಾಗಿಯೇ ಒತ್ತಿದವು. ಕೀಲಿಗಳನ್ನು ದೂರದೂರ ಇಟ್ಟರೆ ಎಡವುವ ಕೈಯನ್ನು ತಡೆಯಬಹುದು, ಪಳಗಿದ ಕೈಯನ್ನು ತಡೆಯಲಾಗದು.

ಅದಕ್ಕೇ ಸರ್ವರ್ ನೋಡಿಕೊಳ್ಳುವವರು ಈ ಒತ್ತಿಗೆ ಯಂತ್ರ ಕಿವಿಗೊಡದಂತೆ ಮಾಡಿಡುತ್ತಾರೆ. ಹಳೆಯ ಲಿನಕ್ಸಿನಲ್ಲಿ ಇನಿಟ್‌ಟ್ಯಾಬ್ ಕಡತದ ಒಂದು ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿದರೆ ಆಯಿತು. ಸಿಸ್ಟಮ್‌ಡಿ ಎಂಬ ತಂತ್ರಾಂಶ ಇರುವ ಈಗಿನ ಯಂತ್ರಗಳಲ್ಲಿ ಕಂಟ್ರೋಲ್-ಆಲ್ಟ್-ಡೆಲ್ ಟಾರ್ಗೆಟನ್ನು ಮಾಸ್ಕ್ ಮಾಡುತ್ತಾರೆ. ಆಗಲೂ ಒಂದು ಕಿಂಡಿ ಉಳಿಯುತ್ತದೆ: ಎರಡು ಸೆಕೆಂಡಿನಲ್ಲಿ ಏಳಕ್ಕಿಂತ ಹೆಚ್ಚು ಸಲ ಒತ್ತಿದರೆ ಯಂತ್ರ ಹಿಂದೆಮುಂದೆ ನೋಡದೆ ರೀಬೂಟ್ ಆಗುತ್ತದೆ. ಅದನ್ನು ಮುಚ್ಚಲು ಬೇರೆಯೇ ಸೆಟ್ಟಿಂಗ್ ಇದೆ. ಒಮ್ಮೆ ಒತ್ತಿ ಏನೂ ಆಗದಿದ್ದರೆ ಸಿಟ್ಟಿನಲ್ಲಿ ಪಟಪಟನೆ ಒತ್ತುವವರು ನಾವೇ ತಾನೆ?

ಸೆಟ್ಟಿಂಗ್ ಎಷ್ಟೇ ಭದ್ರವಾಗಿರಲಿ, ಮೂರು ಕೀಲಿಗಳ ಮೇಲೆ ಬೆರಳಿಡುವ ಮುನ್ನ ಪರದೆಯನ್ನೊಮ್ಮೆ ಎಬ್ಬಿಸಿ ನೋಡಿ. ತಟ್ಟುತ್ತಿರುವುದು ಯಾರ ಮನೆಯ ಬಾಗಿಲನ್ನು?