ಸೀಟಿ ಊದದ ಗೋಲು, ಕಾಗಿನೆಲೆಯ ನ್ಯಾಯ

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತೊಂಬತ್ತು ನಿಮಿಷ ಸೆಣಸಿದರೂ ಒಂದು ಗೋಲೂ ಬಿದ್ದಿರಲಿಲ್ಲ. ಹೆಚ್ಚುವರಿ ಸಮಯದಲ್ಲಿ, ಪೆನಾಲ್ಟಿ ಪ್ರದೇಶದ ಹೊರಗೆ, ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಆಟಗಾರರ ಗೋಡೆ ನಿಲ್ಲಿಸುವುದರಲ್ಲಿ ಮಗ್ನರಾಗಿದ್ದರು. ಬೆಂಗಳೂರಿನ ಸುನಿಲ್ ಛೆಟ್ರಿ ಸೀಟಿಗೆ ಕಾಯಲಿಲ್ಲ. ಚೆಂಡನ್ನು ಖಾಲಿ ಬಲೆಗೆ ತೇಲಿಸಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು.

ಪಂದ್ಯ ಬೆಂಗಳೂರಿನ ಪಾಲಾಯಿತು. ತಿಂಗಳ ಕೊನೆಯಲ್ಲಿ ಭಾರತೀಯ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿ, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ಕಡತದಲ್ಲಿ ಪ್ರಕರಣ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ನಿಯಮದ ಅಕ್ಷರಕ್ಕೂ ಅದರ ಆಶಯಕ್ಕೂ ಜಗಳ ಬಿದ್ದಾಗ ತೀರ್ಪು ಕೊಡುವವನು ಯಾವುದರ ಮಾತು ಕೇಳಬೇಕು?

ನಿಯಮ ಏನನ್ನುತ್ತದೆ ಎಂಬುದನ್ನು ಮೊದಲು ನೋಡಬೇಕು. ಫ್ರೀ ಕಿಕ್ ಇರುವುದು ಫೌಲ್‌ಗೆ ಒಳಗಾದ ತಂಡಕ್ಕಾಗಿ. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು. ಆದರೆ ಅವರು ದೂರ ಸರಿಯುವವರೆಗೆ ಕಾಯಲೇಬೇಕೆಂಬ ಕಟ್ಟುಪಾಡು ಒದೆಯುವವನಿಗಿಲ್ಲ. ಅವನು ಬಯಸಿದರೆ ತಕ್ಷಣ ಆಡಬಹುದು. ತಪ್ಪು ಮಾಡಿದವರೇ ಸಾವಕಾಶವಾಗಿ ಗೋಡೆ ಕಟ್ಟಿಕೊಂಡು ಲಾಭ ಪಡೆಯಬಾರದು ಎಂಬುದು ಇದರ ಹಿಂದಿನ ವಿಚಾರ. ರೆಫರಿ ಸೀಟಿಗೆ ಕಾಯುವಂತೆ ಸೂಚಿಸಿದ್ದರೆ ಮಾತ್ರ ಕಾಯಬೇಕು. ತಾನು ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಹೇಳಿದ್ದಾಗಿ, ಖಚಿತವೇ ಎಂದು ಅವರು ಕೇಳಿದ್ದಾಗಿ ಛೆಟ್ರಿ ಪಂದ್ಯದ ನಂತರ ವಿವರಿಸಿದರು. ಅಷ್ಟರಮಟ್ಟಿಗೆ ಅಕ್ಷರವೂ ಆಶಯವೂ ಅವರ ಕಡೆಗೇ ಇದ್ದವು.

ತೊಡಕಿರುವುದು ಇನ್ನೊಂದು ಕಡೆ. ಬೇಗ ಒದೆಯುವ ಹಕ್ಕಿಗೆ ಜೀವ ಇರುವುದು ಆ ‘ಬೇಗ’ದಲ್ಲಿ. ಆಟ ನಿಂತು ಒಂದಿಷ್ಟು ಹೊತ್ತಾದ ಮೇಲೆ, ರೆಫರಿ ಚೆಂಡಿನ ಬಳಿಯೇ ನಿಂತಿರುವಾಗ, ಗೋಡೆ ಏಳುತ್ತಿರುವಾಗ, ಇನ್ನು ಸೀಟಿ ಕೇಳಿಸಿಯೇ ಆಟ ಎಂದು ರಕ್ಷಣೆಯವರು ನಂಬುವುದು ಸಹಜ. ಛೆಟ್ರಿ ಮತ್ತು ರೆಫರಿಯ ನಡುವಿನ ಮಾತು ಗೋಲಿನ ಕಂಬದ ಹತ್ತಿರ ನಿಂತವನಿಗೂ ತಿಳಿಯಬೇಕಿತ್ತಲ್ಲವೇ? ತಿಳಿಸಲೇಬೇಕು ಎಂದು ನಿಯಮ ಹೇಳುವುದಿಲ್ಲ. ಗೋಲು ಸರಿ, ಆದರೆ ಎರಡೂ ತಂಡಗಳಿಗೆ ಕಾಣುವಂತೆ ಒಂದು ಕೈಸನ್ನೆ ಆಗಿದ್ದರೆ ಅದು ಇನ್ನೂ ಸರಿಯಾಗುತ್ತಿತ್ತು.

ಇಂಥ ತೀರ್ಪಿನ ಕಥೆಯೊಂದು ಬ್ಯಾಡಗಿ ಸೀಮೆಗೆ ಹೊಸದಲ್ಲ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ಆದಿಕೇಶವನನ್ನು ನಂಬಿ ಬಾಳಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ನರೆದಲಗ ಎಂಬ ರಾಗಿಗೂ ವ್ರೀಹಿ ಎಂಬ ಭತ್ತಕ್ಕೂ ಹಟಕ್ಕೆ ಬಿದ್ದ ವ್ಯಾಜ್ಯ ಹೂಡಿಸುತ್ತಾರೆ. ಯಾರು ಶ್ರೇಷ್ಠ? ಭತ್ತದ ಕಡೆಗೆ ಯಜ್ಞ, ಮಂತ್ರಾಕ್ಷತೆ, ಶುಭಕಾರ್ಯಗಳ ಮನ್ನಣೆಯೆಲ್ಲ ಇದೆ. ಆ ಮನ್ನಣೆಯನ್ನೇ ಪ್ರಮಾಣವೆಂದು ಹಿಡಿದಿದ್ದರೆ ತೀರ್ಪು ಒಂದು ಗಳಿಗೆಯ ಕೆಲಸ. ರಾಮ ಹಾಗೆ ಮಾಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಸೆರೆ ತೆರೆದಾಗ ಭತ್ತ ಕುಂದಿರುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ರಾಘವನ ಹೆಸರು ಅದಕ್ಕೆ ಸಲ್ಲುತ್ತದೆ.

ಇದನ್ನು ಬಡವರ ಧಾನ್ಯ ಗೆದ್ದ ಕಥೆಯೆಂದು ಓದುವವರೇ ಹೆಚ್ಚು. ಆ ಓದು ನ್ಯಾಯವಾದದ್ದೇ. ಆದರೆ ತೀರ್ಪು ಕೊಟ್ಟ ಬಗೆಯನ್ನೂ ಗಮನಿಸಬೇಕು. ಧಾನ್ಯ ಇರುವುದು ಯಾತಕ್ಕೆ ಎಂದು ರಾಮ ಕೇಳಿಕೊಳ್ಳುತ್ತಾನೆ: ಕಷ್ಟಕಾಲದಲ್ಲೂ ಕೆಡದೆ ಉಳಿದು ಜೀವ ಕಾಯುವುದಕ್ಕೆ. ಹಾಗೆಂದು ತನಗೆ ಮೆಚ್ಚಾದದ್ದನ್ನು ಅಲ್ಲೇ ಗೆಲ್ಲಿಸಿಬಿಡುವುದೂ ಇಲ್ಲ. ಇಬ್ಬರಿಗೂ ಅದೇ ಸೆರೆ, ಅದೇ ಆರು ತಿಂಗಳು. ನಿಯಮ ಯಾವುದಕ್ಕಾಗಿ ಹುಟ್ಟಿತು ಎಂದು ಕೇಳುವುದು, ಉತ್ತರ ಹುಡುಕುವಾಗ ಅಳತೆಗೋಲನ್ನು ಎರಡೂ ಕಡೆಗೆ ಒಂದೇ ಇಡುವುದು. ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲದು.

ಹಳೆಯ ಧರ್ಮಶಾಸ್ತ್ರವೂ ಈ ಮಾತನ್ನು ಬಲ್ಲದು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಎರಡು ಸ್ಮೃತಿಗಳು ಒಂದಕ್ಕೊಂದು ವಿರುದ್ಧ ನುಡಿದರೆ ವ್ಯವಹಾರದಲ್ಲಿ ಯುಕ್ತಿಯುಳ್ಳ ನ್ಯಾಯವೇ ಮೇಲು ಎಂದು ಆ ಸ್ಮೃತಿಯೇ ಒಪ್ಪುತ್ತದೆ. ಫುಟ್‌ಬಾಲ್‌ನ ನಿಯಮಾವಳಿ ಕೂಡ ರೆಫರಿ ಆಟದ ಆಶಯಕ್ಕೆ ತಕ್ಕಂತೆ ತೀರ್ಮಾನಿಸಬೇಕು ಎನ್ನುತ್ತದೆ, ಆದರೆ ನಿಯಮಗಳ ಚೌಕಟ್ಟಿನೊಳಗೇ.

ಆ ಚೌಕಟ್ಟು ಎಷ್ಟು ಬಿಗಿ ಎಂಬುದಕ್ಕೆ 2010ರ ವಿಶ್ವಕಪ್ ಸಾಕ್ಷಿ. ಘಾನಾ ವಿರುದ್ಧದ ಕ್ವಾರ್ಟರ್ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಉರುಗ್ವೆಯ ಲೂಯಿಸ್ ಸುವಾರೆಜ್ ಗೋಲಿನ ಗೆರೆಯ ಮೇಲೆ ಚೆಂಡನ್ನು ಕೈಯಿಂದ ತಡೆದರು. ಕೆಂಪು ಕಾರ್ಡ್ ಬಂತು, ಪೆನಾಲ್ಟಿಯೂ ಬಂತು. ಅಸಮೊವಾ ಗ್ಯಾನ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಘಾನಾ ಸೋತಿತು. ಆಶಯದ ಹೆಸರಲ್ಲಿ ರೆಫರಿ ಗೋಲನ್ನೇ ಕೊಟ್ಟುಬಿಡಬೇಕಿತ್ತೇ? ಕೂಡದು. ಮನಸ್ಸು ನೊಂದಿತೆಂದು ಇಲ್ಲದ ನಿಯಮವನ್ನು ಹುಟ್ಟಿಸುವ ರೆಫರಿ ನಾಳೆ ಇನ್ನೊಬ್ಬರ ಗೋಲನ್ನು ಅದೇ ಮನಸ್ಸಿನಿಂದ ಕಿತ್ತುಕೊಳ್ಳಬಲ್ಲ.

ರೆಫರಿಯ ಕೈ ಕಟ್ಟಿರುವಲ್ಲಿ ಆಟಗಾರರು ಧರ್ಮ ಉಳಿಸಿದ್ದುಂಟು. 1999ರ ಫೆಬ್ರವರಿಯಲ್ಲಿ, ಎಫ್‌ಎ ಕಪ್ ಪಂದ್ಯದಲ್ಲಿ, ಗಾಯಾಳುವಿಗಾಗಿ ಶೆಫೀಲ್ಡ್ ಯುನೈಟೆಡ್ ಹೊರಗೆ ಹಾಕಿದ್ದ ಚೆಂಡನ್ನು ಆರ್ಸೆನಲ್ ಮರಳಿಸುತ್ತಿತ್ತು. ನ್ವಾಂಕ್ವೊ ಕಾನು ನಡುವೆ ಬಂದು ಅದನ್ನು ಹಿಡಿದು ಮಾರ್ಕ್ ಓವರ್‌ಮಾರ್ಸ್‌ಗೆ ಕೊಟ್ಟರು, ಗೋಲಾಯಿತು. ಅದನ್ನು ತಳ್ಳಿಹಾಕಲು ರೆಫರಿಗೆ ನಿಯಮವೇ ಇರಲಿಲ್ಲ. ಗೆದ್ದ ತಂಡದ ಮ್ಯಾನೇಜರ್ ಆರ್ಸೆನ್ ವೆಂಗರ್ ತಾವಾಗಿಯೇ ಮರುಪಂದ್ಯಕ್ಕೆ ಮುಂದಾದರು. ಹತ್ತು ದಿನದಲ್ಲಿ ಮತ್ತೆ ಆಡಿ ಗೆದ್ದರು. ಕಂಠೀರವದಲ್ಲಿ ಬ್ಲಾಸ್ಟರ್ಸ್ ಎಡವಿದ್ದು ಇಲ್ಲೇ. ಅವರ ನೋವು ನಿಜ, ವಾದದಲ್ಲಿ ತೂಕವೂ ಇತ್ತು. ಆದರೆ ಆಟ ಬಿಟ್ಟು ಹೊರಟ ಮೇಲೆ ಆಶಯದ ಮಾತಾಡುವ ಹಕ್ಕು ಉಳಿಯುವುದಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಾಲಾ ಮೈದಾನಗಳಲ್ಲಿ ಈ ಪ್ರಶ್ನೆ ಕೋಟಿ ರೂಪಾಯಿಯ ದಂಡದ ರೂಪದಲ್ಲಿ ಬರುವುದಿಲ್ಲ. ಇಲ್ಲಿ ಕಬಡ್ಡಿ, ಖೊಖೊಗಳದ್ದೇ ಜೋರು. ಫುಟ್‌ಬಾಲ್‌ಗೆ ಸೀಟಿ ಹಿಡಿಯುವವರು ಹೆಚ್ಚಾಗಿ ದೈಹಿಕ ಶಿಕ್ಷಕರೇ. ಫುಟ್‌ಬಾಲ್ ನಿಯಮಾವಳಿಯ ನಾಲ್ಕನೆಯ ನಿಯಮದ ಪ್ರಕಾರ ಆಟಗಾರನಿಗೆ ಬೂಟು, ಮೊಣಕಾಲ ಕೆಳಗಿನ ರಕ್ಷಾಪಟ್ಟಿ ಕಡ್ಡಾಯ. ಅದನ್ನು ಅಕ್ಷರಶಃ ಹಿಡಿದರೆ ಎಷ್ಟೋ ಊರುಗಳ ಹುಡುಗರು ಗೆರೆಯ ಹೊರಗೇ ಉಳಿದಾರು. ಬರಿಗಾಲ ಆಟ ನಮಗೆ ಹೊಸದೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿ 2–1ರಲ್ಲಿ ಸೋತರು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

ಬೂಟಿನ ನಿಯಮ ಇರುವುದು ಕಾಲು ಉಳಿಸಲು. ಎರಡೂ ಕಡೆಯವರು ಬರಿಗಾಲಲ್ಲಿದ್ದರೆ ಆಡಿಸಬಹುದು. ಬರಿಗಾಲಿನ ಹುಡುಗನ ಎದುರು ಮೊಳೆಬೂಟಿನವನು ನಿಂತರೆ ಆಡಿಸಕೂಡದು, ಬೂಟು ಬಿಚ್ಚಿಸಬೇಕು. ಇದನ್ನು ಗಾಯವಾದ ಮೇಲೆ ಹೇಳಿದರೆ ಪಕ್ಷಪಾತವೆನಿಸುತ್ತದೆ. ಆದ್ದರಿಂದ ತಾಲ್ಲೂಕು ಪಂದ್ಯಗಳನ್ನು ನಡೆಸುವ ಶಿಕ್ಷಕರಲ್ಲಿ ಒಂದು ವಿನಂತಿ: ಆಟ ಶುರುವಾಗುವ ಮುನ್ನ ಎರಡೂ ತಂಡಗಳನ್ನು ಒಟ್ಟಿಗೆ ನಿಲ್ಲಿಸಿಕೊಳ್ಳಿ. ಯಾವ ನಿಯಮ ಸಡಿಲ, ಯಾವುದು ಬಿಗಿ, ಫ್ರೀ ಕಿಕ್‌ಗೆ ಸೀಟಿ ಕಾಯಬೇಕೇ ಬೇಡವೇ ಎಂಬುದನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿಬಿಡಿ.