ವಿದ್ಯಾದಾನಕ್ಕೆ ನಿಬಂಧನೆ ಉಚಿತವೆ?

ಕೊಡುವುದು ಒಂದು ಗುಣ. ಕೊಟ್ಟಮೇಲೆ ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದನ್ನು ಅರಿತಿರುವುದು ಅದಕ್ಕಿಂತ ಕಠಿಣವಾದ ಇನ್ನೊಂದು ಗುಣ. ಹಸಿದು ಬಂದವನಿಗೆ ಅನ್ನವಿಕ್ಕುವಾಗ ನಾವು ಯಾವ ನಿಬಂಧನೆಯನ್ನೂ ಹಾಕುವುದಿಲ್ಲ. ಹಾಕಿದರೆ ಅದು ಅನ್ನದಾನವೆನಿಸದು. ಅಲ್ಲಿ ಹಸಿವೊಂದೇ ಅರ್ಹತೆ. ವಿದ್ಯಾದಾನದ ರೀತಿ ಬೇರೆ. ಅದು ಒಂದು ಹೊತ್ತಿಗೆ ಮುಗಿಯುವಂಥದಲ್ಲ. ನಾಲ್ಕಾರು ವರ್ಷ ನಡೆಯಬೇಕಾದುದು. ಕೊಡುವವನ ಹಣವೆಷ್ಟೇ ಇರಲಿ, ಪಡೆಯುವವನ ಶ್ರಮ ಅದರೊಡನೆ ಕೂಡದಿದ್ದರೆ ಫಲ ದೊರೆಯಲಾರದು. ಹೀಗಿರುವಾಗ, ವಿದ್ಯೆಗಾಗಿ ಧನವನ್ನು ಕೊಡುವವನು "ನೀನು ಓದಿನಲ್ಲಿ ಮುಂದುವರಿದರೆ ಮಾತ್ರ ಕೊಡುವೆನು" ಎಂದು ಹೇಳಬಹುದೆ? ಹೇಳಿದರೆ ಅದು ದಾನವಾಗಿ ಉಳಿಯುವುದೆ? ಇದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಈ ಪ್ರಶ್ನೆಯು ಬಹು ದೊಡ್ಡ ಪ್ರಮಾಣದಲ್ಲಿ ಎದುರಾಗಿರುವುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ. ಆ ದೇಶದಲ್ಲಿ ೧೯೬೫ನೆಯ ಇಸವಿಯ ನವೆಂಬರ್ ೮ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಉನ್ನತ ಶಿಕ್ಷಣ ಶಾಸನಕ್ಕೆ ಸಹಿ ಹಾಕಿದರು. ಹಣವಿಲ್ಲವೆಂಬ ಕಾರಣಕ್ಕೆ ಯಾವ ಯೋಗ್ಯ ತರುಣನೂ ಕಾಲೇಜಿನ ಬಾಗಿಲಿನಿಂದ ಹಿಂದಿರುಗಬಾರದು ಎಂಬುದು ಅದರ ಆಶಯ. ೧೯೭೨ರಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಮರಳಿಸಬೇಕಾಗಿಲ್ಲದ ಅನುದಾನವೊಂದು ಏರ್ಪಟ್ಟಿತು; ಅದಕ್ಕೆ ೧೯೮೦ರಲ್ಲಿ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರನ್ನು ಇಟ್ಟರು. ೨೦೨೪–೨೫ನೆಯ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿಗೆ ಆ ಪೆಲ್ ಅನುದಾನದಿಂದ ಹೆಚ್ಚೆಂದರೆ ೭,೩೯೫ ಡಾಲರುಗಳು ದೊರೆಯುತ್ತಿದ್ದವು.

ಶಾಸನವು ಹುಟ್ಟಿದಾಗ ಇಲ್ಲದಿದ್ದ ಒಂದು ನಿಬಂಧನೆ ೧೯೭೬ರ ತಿದ್ದುಪಡಿಯಿಂದ ಸೇರಿತು. ಸಹಾಯವನ್ನು ಪಡೆಯುವವನು ವ್ಯಾಸಂಗದಲ್ಲಿ ತೃಪ್ತಿಕರವಾದ ಪ್ರಗತಿಯನ್ನು ತೋರಿಸುತ್ತಿರಬೇಕು ಎಂಬುದೇ ಆ ನಿಬಂಧನೆ. ಮೊದಲು ಅದರ ಅಳತೆಯನ್ನು ಆಯಾ ಕಾಲೇಜಿಗೆ ಬಿಟ್ಟಿದ್ದರು. ೧೯೮೬ರಲ್ಲಿ ಅಂಕಗಳ ಮಟ್ಟವನ್ನು ಶಾಸನವೇ ಗೊತ್ತುಮಾಡಿತು. ಇಂದು ನಡೆಯುತ್ತಿರುವ ವಿವರವಾದ ನಿಯಮಗಳು ೨೦೧೧ರ ಜುಲೈ ೧ರಿಂದ ಜಾರಿಗೆ ಬಂದವು.

ಆ ನಿಯಮಗಳಲ್ಲಿ ಮೂರು ಅಳತೆಗಳಿವೆ. ಮೊದಲನೆಯದು ಗುಣದ ಅಳತೆ. ಎರಡು ವರ್ಷಕ್ಕಿಂತ ದೀರ್ಘವಾದ ವ್ಯಾಸಂಗದಲ್ಲಿ ಎರಡನೆಯ ವರ್ಷದ ಕೊನೆಗೆ ವಿದ್ಯಾರ್ಥಿಯ ಸರಾಸರಿ 'ಸಿ' ದರ್ಜೆಗೆ, ಎಂದರೆ ನಾಲ್ಕರಲ್ಲಿ ಎರಡಕ್ಕೆ ಸಮನಾಗಿರಬೇಕು. ಇಲ್ಲವೆ ಪದವಿಗೆ ಆ ಕಾಲೇಜು ಅಪೇಕ್ಷಿಸುವ ಮಟ್ಟಕ್ಕೆ ಹೊಂದಿರಬೇಕು. ಎರಡನೆಯದು ಕಾಲದ ಅಳತೆ. ಪದವಿಗೆ ನಿಗದಿಯಾದ ಪ್ರಮಾಣದ ಒಂದೂವರೆ ಪಟ್ಟಿನೊಳಗೆ ವ್ಯಾಸಂಗ ಮುಗಿಯಬೇಕು. ೧೨೦ ಕ್ರೆಡಿಟ್ಟುಗಳ ಪದವಿಯಾದರೆ ೧೮೦ ಕ್ರೆಡಿಟ್ಟುಗಳನ್ನು ಕೈಗೊಳ್ಳುವವರೆಗೆ ಮಾತ್ರ ಸಹಾಯ. ಮೂರನೆಯದು ವೇಗದ ಅಳತೆ. ಆ ಮಿತಿಯೊಳಗೆ ಮುಗಿಸಬೇಕಾದರೆ, ಕೈಗೊಂಡ ಪಾಠಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನಾದರೂ ಪೂರ್ತಿಗೊಳಿಸುತ್ತ ಬರಬೇಕು.

ಇನ್ನು ನಿಬಂಧನೆಯ ಪಕ್ಷದಲ್ಲಿ ಏನನ್ನು ಹೇಳಬಹುದೆಂಬುದನ್ನು ನೋಡೋಣ. ಈ ಹಣ ಆಕಾಶದಿಂದ ಉದುರಿದುದಲ್ಲ. ಸಾವಿರಾರು ಮೈಲಿ ಲಾರಿಯನ್ನು ಓಡಿಸುವವನು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿ, ಕಾಲೇಜಿನ ಮೆಟ್ಟಲನ್ನೇ ಹತ್ತದ ಕೂಲಿಕಾರ, ಇವರೆಲ್ಲರ ದುಡಿಮೆಯಿಂದ ಬಂದ ತೆರಿಗೆಯ ಹಣ ಅದು. ಪರರ ಬೆವರನ್ನು ಉಂಡು ತಾನು ಬೆವರದಿರುವುದು ಯಾವ ನೀತಿಗೂ ಸಮ್ಮತವಲ್ಲ. ಇದರ ಜೊತೆಗೆ ವಿದ್ಯಾರ್ಥಿಯ ಹಿತವೂ ಇದರಲ್ಲಿದೆ. ಪೆಲ್ ಅನುದಾನವು ಜೀವಮಾನದಲ್ಲಿ ಹನ್ನೆರಡು ಪೂರ್ಣ ಸೆಮಿಸ್ಟರುಗಳಷ್ಟಕ್ಕೆ ಮಾತ್ರ ದೊರೆಯತಕ್ಕದ್ದು. ಅದರೊಡನೆ ಸಾಲವನ್ನೂ ತೆಗೆದವನಿಗೆ, ಪದವಿ ಬಾರದಿದ್ದರೂ ಸಾಲ ಉಳಿಯುತ್ತದೆ. ಹೀಗಿರುವಲ್ಲಿ ದಾರಿ ತಪ್ಪಿದವನನ್ನು ಬೇಗನೆ ಎಚ್ಚರಿಸುವುದು ಕ್ರೌರ್ಯವಲ್ಲ, ಹಿತೈಷಿಯ ಕರ್ತವ್ಯ. ಕೇಳುವವರಿಲ್ಲದೆ ಕೊಡುವ ಸಹಾಯವು ಕೆಲವು ವೇಳೆ ಪಡೆಯುವವನನ್ನು ಮರೆತುಬಿಟ್ಟಿರುವ ಸಹಾಯವೂ ಆಗಿರುತ್ತದೆ.

ಇಷ್ಟನ್ನು ಒಪ್ಪಿದರೂ ಒಂದು ಶಂಕೆ ಏಳುತ್ತದೆ. ಅಂಕಿಯು ಫಲವನ್ನು ಅಳೆಯಬಲ್ಲದು, ಪ್ರಯತ್ನವನ್ನು ಅಳೆಯಬಲ್ಲುದೆ? ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ವಿದ್ಯಾರ್ಥಿನಿ ಎರಡು ಸೆಮಿಸ್ಟರುಗಳಲ್ಲಿ ಹದಿನೈದರಂತೆ ಒಟ್ಟು ೩೦ ಕ್ರೆಡಿಟ್ಟುಗಳನ್ನು ಕೈಗೊಂಡಳೆನ್ನಿ. ತಾಯಿ ಹಾಸಿಗೆ ಹಿಡಿದುದರಿಂದ ಪ್ರತಿ ಸೆಮಿಸ್ಟರಿನಲ್ಲಿಯೂ ಮೂರು ಕ್ರೆಡಿಟ್ಟುಗಳ ಎರಡೆರಡು ಪಾಠಗಳನ್ನು ನಡುವೆಯೇ ಬಿಡಬೇಕಾಯಿತು. ಬಿಟ್ಟ ಪಾಠಗಳೂ ಕೈಗೊಂಡವೆಂದೇ ಲೆಕ್ಕಕ್ಕೆ ಬರುತ್ತವೆ. ಆಕೆ ಪೂರೈಸಿದವು ೧೮. ಎಂದರೆ ನೂರಕ್ಕೆ ಅರವತ್ತು. ಉಳಿದ ಪಾಠಗಳಲ್ಲಿ ಉತ್ತಮ ದರ್ಜೆ ಬಂದಿದ್ದರೂ ವೇಗದ ಅಳತೆಯಲ್ಲಿ ಆಕೆ ಸೋತಳು. ಅದೇ ತರಗತಿಯಲ್ಲಿ ವಿನೋದದಲ್ಲಿ ಕಾಲ ಕಳೆದು ನಾಲ್ಕು ಪಾಠಗಳಲ್ಲಿ ಅನುತ್ತೀರ್ಣನಾದವನ ವೇಗವೂ ಅರವತ್ತೇ. ಎರಡು ಜೀವಗಳು, ಒಂದೇ ಅಂಕಿ! ಪಟ್ಟಿಯಲ್ಲಿ ನೋಡುವವನಿಗೆ ಈ ವಿಷಯದಲ್ಲಿ ಇವರಿಬ್ಬರ ಅಂತರ ಕಾಣಿಸುವುದೇ ಇಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಆಕೆಯು ಮುಂದಿನ ಸೆಮಿಸ್ಟರಿನಲ್ಲಿ ಹದಿನೈದು ಕ್ರೆಡಿಟ್ಟುಗಳನ್ನೂ ಪೂರೈಸಿದಳೆಂದರೆ ೪೫ಕ್ಕೆ ೩೩ ಆಗಿ, ನೂರಕ್ಕೆ ಎಪ್ಪತ್ತಮೂರನ್ನು ಮುಟ್ಟಿ, ನಿಯಮದೊಳಗೆ ಬಂದುಬಿಡುತ್ತಾಳೆ. ಒಂದೇ ಒಂದು ಸೆಮಿಸ್ಟರಿನ ಅವಕಾಶ ಆಕೆಗೆ ಬೇಕಾದುದು. ಆದರೆ ಸಹಾಯ ನಿಂತರೆ ಆ ಸೆಮಿಸ್ಟರಿನ ಶುಲ್ಕವನ್ನು ಆಕೆ ತರುವುದೆಲ್ಲಿಂದ? ರೋಗಕ್ಕೆ ಯಾವುದು ಔಷಧವೋ ಅದನ್ನೇ ಶಿಕ್ಷೆಯೆಂದು ಕಿತ್ತುಕೊಂಡಂತಾಯಿತು. ಧನವಂತನ ಮಗ ಇಷ್ಟೇ ಸೋತರೆ ಕಳೆದುಕೊಳ್ಳುವುದು ಒಂದು ವರ್ಷದ ಕಾಲವನ್ನು. ತಂದೆ ಮರಳಿ ಶುಲ್ಕ ತೆರುತ್ತಾನೆ. ಬಡವಳ ಮಗಳು ಕಳೆದುಕೊಳ್ಳುವುದು ಕಾಲೇಜನ್ನೇ. ನಿಯಮದ ಅಕ್ಷರ ಸಹಾಯ ಪಡೆಯುವವರೆಲ್ಲರಿಗೂ ಒಂದೇ ಆಗಿದ್ದರೂ ಅದರ ಭಾರ ಬೀಳುವುದು ಆಸರೆಯಿಲ್ಲದ ಹೆಗಲಿನ ಮೇಲೆ.

ಇದು ಕೇವಲ ಊಹೆಯಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನ ಅರ್ಥಶಾಸ್ತ್ರಜ್ಞೆ ಜೂಡಿತ್ ಸ್ಕಾಟ್-ಕ್ಲೇಟನ್ ಅವರು ಸಹಲೇಖಕಿಯೊಡನೆ ಎರಡು ವರ್ಷದ ಸಮುದಾಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಕುರಿತು ಈ ನಿಬಂಧನೆಯ ಪರಿಣಾಮವನ್ನು ಪರಿಶೀಲಿಸಿದ್ದಾರೆ. ಅವರು ಕಂಡುದು ಎರಡು ಮುಖದ ಫಲ. ಕಾಲೇಜಿನಲ್ಲಿ ಉಳಿದವರ ದರ್ಜೆ ತುಸು ಮೇಲೇರಿತು. ಅಳತೆಗೆ ಸಿಕ್ಕದವರಲ್ಲಿ ಓದನ್ನೇ ಬಿಟ್ಟು ಹೋಗುವುದು ಹೆಚ್ಚಿತು. ಒಂದೇ ಕೋಲು ಕೆಲವರನ್ನು ನಡೆಯಿಸಿತು, ಕೆಲವರನ್ನು ಕೆಡವಿತು. ಆದುದರಿಂದ ನಿಬಂಧನೆಯು ಒಳ್ಳೆಯದೋ ಕೆಟ್ಟದೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವವರು ಅರ್ಧವನ್ನು ಮಾತ್ರ ನೋಡಿದವರು.

ಸಾವಕಾಶವೆಲ್ಲವೂ ಸೋಮಾರಿತನವಲ್ಲ ಎಂಬುದಕ್ಕೆ ಆ ಶಾಸನಕ್ಕೆ ಸಹಿ ಹಾಕಿದವರ ಜೀವನವೇ ಸಾಕ್ಷಿ. ಜಾನ್ಸನ್ನರು ಟೆಕ್ಸಾಸ್ ಪ್ರಾಂತದ ಸ್ಯಾನ್ ಮಾರ್ಕೋಸ್ ಊರಿನ ಕಾಲೇಜಿನಲ್ಲಿ ಬಡತನದಲ್ಲಿಯೇ ಓದಿದವರು. ಹಣ ಸಾಲದೆ ೧೯೨೮–೨೯ರಲ್ಲಿ ಓದನ್ನು ನಿಲ್ಲಿಸಿ, ಕೊಟುಲ್ಲ ಎಂಬ ಊರಿನ ಶಾಲೆಯಲ್ಲಿ ಮೆಕ್ಸಿಕೋ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿ, ಸಂಪಾದಿಸಿದ ಹಣದೊಡನೆ ಮರಳಿ ಬಂದು ೧೯೩೦ರಲ್ಲಿ ಪದವೀಧರರಾದರು. ಉನ್ನತ ಶಿಕ್ಷಣ ಶಾಸನಕ್ಕೆ ಅವರು ಸಹಿ ಹಾಕಿದುದು ಅದೇ ಸ್ಯಾನ್ ಮಾರ್ಕೋಸಿನಲ್ಲಿ, ತಾವು ಓದಿದ ಕಾಲೇಜಿನಲ್ಲಿ. ನಡುವೆ ನಿಂತು ಮತ್ತೆ ನಡೆದವನೂ ಗುರಿಯನ್ನು ಮುಟ್ಟಬಲ್ಲನು.

ಹಾಗಾದರೆ ನಿಬಂಧನೆಯನ್ನೇ ತೆಗೆದುಹಾಕಬೇಕೆ? ಬೇಕಾಗಿಲ್ಲ. ಅಂಕಿ ಕಾಣಲಾರದುದನ್ನು ಕಾಣಲು ಮನುಷ್ಯನ ಕಣ್ಣೊಂದು ಇದ್ದರೆ ಸಾಕು. ಅಮೆರಿಕದ ನಿಯಮದಲ್ಲಿ ಅದಕ್ಕೂ ಎಡೆಯಿದೆ. ಪ್ರತಿ ಸೆಮಿಸ್ಟರಿನ ಕೊನೆಗೆ ಪ್ರಗತಿಯನ್ನು ಪರೀಕ್ಷಿಸುವ ಕಾಲೇಜು ಮೊದಲ ಸಲ ಸೋತವನಿಗೆ ಎಚ್ಚರಿಕೆಯನ್ನಿತ್ತು ಇನ್ನೊಂದು ಸೆಮಿಸ್ಟರಿಗೆ ಸಹಾಯವನ್ನು ಮುಂದುವರಿಸಬಹುದು. ಆಮೇಲೆಯೂ ಸೋತವನು ಮನವಿ ಸಲ್ಲಿಸಬಹುದು. ಬಂಧುವಿನ ಮರಣ, ತನ್ನ ಕಾಯಿಲೆ ಅಥವಾ ಗಾಯ, ಇತರ ವಿಶೇಷ ಸಂದರ್ಭ, ಇವುಗಳಲ್ಲಿ ಯಾವುದರಿಂದ ತಾನು ಹಿಂದೆ ಬಿದ್ದೆನು ಮತ್ತು ಈಗ ಏನು ಬದಲಾಗಿದೆ ಎಂಬ ಎರಡು ಮಾತುಗಳನ್ನು ಆತನು ತಿಳಿಸಬೇಕು. ಮನವಿ ಒಪ್ಪಿಗೆಯಾದರೆ ಒಂದು ಸೆಮಿಸ್ಟರಿನ ಪರೀಕ್ಷಾವಧಿ, ಇಲ್ಲವೆ ಹಂತಹಂತವಾಗಿ ಮೇಲೇರುವ ಒಂದು ವ್ಯಾಸಂಗ ಯೋಜನೆ ದೊರೆಯುತ್ತದೆ. ೨೦೨೦ರಲ್ಲಿ ಕೊರೊನಾ ಪಿಡುಗು ಬಂದಾಗ, ಅದರಿಂದಾಗಿ ಪೂರ್ತಿಯಾಗದ ಪಾಠಗಳನ್ನು ಮನವಿಯಿಲ್ಲದೆಯೇ ವೇಗದ ಲೆಕ್ಕದಿಂದ ಬಿಡಲು ಕಾಲೇಜುಗಳಿಗೆ ಶಾಸನವು ಅನುಮತಿಯನ್ನಿತ್ತಿತು. ವಿಪತ್ತು ಎಲ್ಲರಿಗೂ ಬಂದಾಗ ಕಾನೂನು ಕಣ್ಣು ತೆರೆಯಿತು. ಒಬ್ಬರ ಮನೆಗೆ ಮಾತ್ರ ಬಂದಾಗಲೂ ತೆರೆಯುವುದೇ ನಿಜವಾದ ಕಸೋಟಿ.

ಆದರೆ ಇಲ್ಲಿಯೇ ಒಂದು ಕೊರತೆ ಉಳಿದಿದೆ. ಮನವಿಗೆ ಅವಕಾಶ ಕೊಡಲೇಬೇಕೆಂಬ ಕಡ್ಡಾಯ ಕಾಲೇಜುಗಳಿಗೆ ಇಲ್ಲ. ಕೊಡಬಹುದು ಎಂದಷ್ಟೇ ಇದೆ. ಅಳೆಯುವುದು ಕಡ್ಡಾಯ, ಕೇಳುವುದು ಐಚ್ಛಿಕ! ಅಳತೆ ಎಷ್ಟು ಕಡ್ಡಾಯವೋ ಆಲಿಸುವಿಕೆಯೂ ಅಷ್ಟೇ ಕಡ್ಡಾಯವಾಗಬೇಕೆಂಬುದು ನ್ಯಾಯ. ಕಾರಣವನ್ನು ಕೇಳದೆ ಕೊಟ್ಟುದನ್ನು ಹಿಂತೆಗೆಯುವವನು ಲೆಕ್ಕವನ್ನು ಒಪ್ಪಿಸಬಲ್ಲನು, ಧರ್ಮವನ್ನು ಒಪ್ಪಿಸಲಾರನು.

ಕಾಯಕ ಮತ್ತು ದಾಸೋಹಗಳನ್ನು ಒಂದರಿಂದೊಂದು ಬೇರ್ಪಡಿಸದೆ ನೋಡಿದ ಶರಣರ ದೃಷ್ಟಿ ಇಲ್ಲಿ ನೆನಪಿಗೆ ಬರುವುದು ಸಹಜ. ಪಡೆಯುವವನಿಗೆ ಅದು ಕಾಯಕವನ್ನು ನೆನಪಿಸುತ್ತದೆ. ವಿದ್ಯಾರ್ಥಿಗೆ ಓದೇ ಕಾಯಕ. ಕೊಡುವವನಿಗೆ ಅದು ದಾಸೋಹವನ್ನು ನೆನಪಿಸುತ್ತದೆ. "ನಾನು ಕೊಟ್ಟೆನು" ಎಂಬ ಅಹಂಕಾರ ಕರಗದಿದ್ದರೆ ಕೊಟ್ಟುದು ದಾಸೋಹವಾಗದು. ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಗಂಡನಿಂದ ಹಿಂದಕ್ಕೆ ಕೊಡಿಸಿದ ಆಯ್ದಕ್ಕಿ ಲಕ್ಕಮ್ಮನ ಮೇಲೆ ಹೊರಗಿನ ಯಾವ ನಿಯಮವೂ ಇರಲಿಲ್ಲ. ಆಕೆಯ ಅಂತರಂಗವೇ ನಿಯಮವಾಗಿತ್ತು. ಅಂಥ ಅಂತರಂಗವುಳ್ಳ ವಿದ್ಯಾರ್ಥಿಗೆ ಮೂರರಲ್ಲಿ ಎರಡು ಪಾಲೆಂಬ ಅಳತೆ ಬಹು ಚಿಕ್ಕದು. ಆತನು ಸೋಲನ್ನು ಮರೆಮಾಡುವುದಿಲ್ಲ. ಕಷ್ಟ ಬಂದ ದಿನವೇ ಅಧ್ಯಾಪಕರಲ್ಲಿಗೂ ಸಹಾಯದ ಕಚೇರಿಗೂ ಹೋಗಿ ಇದ್ದುದನ್ನು ಇದ್ದಂತೆ ಹೇಳುತ್ತಾನೆ. ಮನವಿಯಲ್ಲಿ ಇಲ್ಲದ ರೋಗವನ್ನು ಬರೆಯುವುದಿಲ್ಲ.

ನಮ್ಮ ವಾಚಕರಿಗೂ ಈ ವಿಷಯ ತೀರ ದೂರದ್ದಲ್ಲ. ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋಗುವ ಮಕ್ಕಳಿಗೆ ಆ ಸರ್ಕಾರದ ಈ ಸಹಾಯ ದೊರೆಯುವುದಿಲ್ಲವಾದರೂ, ಅಲ್ಲಿಯೇ ನೆಲೆಸಿ ಪೌರತ್ವವನ್ನೋ ಶಾಶ್ವತ ನಿವಾಸದ ಹಕ್ಕನ್ನೋ ಪಡೆದ ಕನ್ನಡ ಕುಟುಂಬಗಳ ಮಕ್ಕಳು ಆದಾಯಾದಿ ಅರ್ಹತೆಗಳಿದ್ದರೆ ಅದನ್ನು ಪಡೆಯಬಲ್ಲರು. ಅವರಿಗೆ ಈ ನಿಬಂಧನೆಗಳೂ ಅನ್ವಯಿಸುತ್ತವೆ. ಇಲ್ಲಿರುವ ಗೃಹಸ್ಥರಲ್ಲಿಯೂ ಅಣ್ಣನ ಮಗನ ಶುಲ್ಕವನ್ನೋ ನೆರೆಮನೆಯ ಬಡ ಹುಡುಗಿಯ ಪುಸ್ತಕದ ವೆಚ್ಚವನ್ನೋ ಹೊತ್ತವರು ಎಷ್ಟೋ ಮಂದಿ. ಪರೀಕ್ಷೆಯ ಫಲಿತಾಂಶ ಕೆಟ್ಟುಬಂದ ದಿನ ಅವರ ಮನದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಆಗ ಅಂಕಪಟ್ಟಿಯನ್ನು ಕೇಳುವುದು ತಪ್ಪಲ್ಲ. ಅಂಕಪಟ್ಟಿಯನ್ನು ಮಾತ್ರ ಕೇಳಿ, "ಏಕೆ ಹೀಗಾಯಿತು, ಮಗು?" ಎಂದು ಕೇಳದಿರುವುದು ತಪ್ಪು.

ಸಾರಾಂಶವಿಷ್ಟು. ವಿದ್ಯಾದಾನಕ್ಕೆ ನಿಬಂಧನೆ ಉಚಿತವೇ. ಏಕೆಂದರೆ ಶ್ರಮವಿಲ್ಲದೆ ವಿದ್ಯೆಯಿಲ್ಲ, ಆ ಧನವು ಅನ್ಯರ ಶ್ರಮದ ಫಲ. ಆದರೆ ಆ ನಿಬಂಧನೆ ಆಲಸ್ಯವನ್ನು ತಡೆಯಬೇಕೇ ಹೊರತು ದುರ್ದೈವವನ್ನು ದಂಡಿಸಬಾರದು. ಇವೆರಡನ್ನೂ ಬೇರ್ಪಡಿಸುವ ಶಕ್ತಿ ಅಂಕಿಗಿಲ್ಲ, ವಿಚಾರಿಸುವ ಮನುಷ್ಯನಿಗಿದೆ. ಪಡೆಯುವವನು ದುಡಿಯಲಿ, ಕೊಡುವವನು ವಿಚಾರಿಸಲಿ. ಎಡವಿದವನು ಸತ್ಯವನ್ನು ನುಡಿದು ಎದ್ದು ನಿಲ್ಲಲು ಮುಂದಾದರೆ, ಇನ್ನೊಂದು ಸೆಮಿಸ್ಟರಿನ ಮಟ್ಟಿಗಾದರೂ ಬಾಗಿಲು ತೆರೆದಿರಲಿ.