ಹೊಳೆ ನೋಡುವುದು

ನಮ್ಮ ಬೀದರ ಸೀಮೆಯ ಹಳಬರು ಹೊಳೆಗೆ ಹೋಗುತ್ತಿದ್ದರು, ಹೊಳೆ ನೋಡಲು ಹೋಗುತ್ತಿರಲಿಲ್ಲ. ಬಟ್ಟೆ ಒಗೆಯಲು, ಎಮ್ಮೆಯ ಮೈ ತೊಳೆಯಲು, ನೀರು ತರಲು, ಏನಾದರೊಂದು ಕೆಲಸ ಇರುತ್ತಿತ್ತು. ಕೆಲಸವಿಲ್ಲದೆ ಒಬ್ಬ ಹೆಣ್ಣುಮಗಳು ದಂಡೆಯಲ್ಲಿ ನೀರು ನೋಡುತ್ತ ನಿಂತರೆ ಊರಿಗೆ ಊರೇ ಗಾಬರಿಯಾಗುತ್ತಿತ್ತು. ಈಗ ನಾವು ಚಪಾತಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಗಾಡಿ ಮಾಡಿಕೊಂಡು ಹೊಳೆ ನೋಡಲು ಹೋಗುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೂ ನನಗೆ ಅನೇಕ ಸಲ ಅನ್ನಿಸಿದೆ: ನೀರಿನ ಚೆಲುವು ಕಾಣಬೇಕಾದರೆ ಮೊದಲು ಮನೆಯಲ್ಲಿ ನಲ್ಲಿ ಇರಬೇಕೇನೋ. ತಲೆಯ ಮೇಲೆ ಕೊಡ ಹೊತ್ತವಳಿಗೆ ಕತ್ತೆತ್ತಿ ನೋಡಲು ಆಗುವುದಿಲ್ಲ. ಹಾಗಿದ್ದರೆ ನಾವು ಪಡುವ ಈ ಸಂತೋಷ ಎಂಥದು?

ನನ್ನ ಅತ್ತೆ ಡಾಬಕಾದ ಮಗಳು. ಬಾವಿಯಿಂದ ನೀರು ಸೇದಿ ಬೆಳೆದವರು. ಅವರನ್ನು ಕೊಟ್ಟದ್ದು ಭಾಲ್ಕಿ ಕಡೆಯ ಮಾಂಜ್ರಾ ದಂಡೆಯ ಒಂದು ಊರಿಗೆ. ವರನಿಗೆ ಹೊಲ ಕಡಿಮೆ ಇತ್ತಂತೆ, ಓದೂ ಅಷ್ಟಕ್ಕಷ್ಟೆ. ಆದರೂ ಅವರ ಅಪ್ಪ, "ನೀರಿದ್ದ ಊರಿಗೆ ಹೆಣ್ಣು ಕೊಟ್ಟರ ಕೂಸು ಸುಖದಾಗ ಇರ್ತದ" ಎಂದು ಒಪ್ಪಿದರಂತೆ. ಒಂದು ನದಿಯನ್ನು ನೋಡಿ ಅಳಿಯನನ್ನು ಆರಿಸಿದ ಆ ಹಿರಿಯರನ್ನು ನಾನು ಕಂಡವಳಲ್ಲ. ಅವರ ಲೆಕ್ಕ ತಪ್ಪಿರಲಿಲ್ಲ ಎಂದು ಮಾತ್ರ ಬಲ್ಲೆ.

ಮಾಂಜ್ರಾ ದೊಡ್ಡ ಹೆಸರಿನ ನದಿಯೇನಲ್ಲ. ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಸಾಲಿನಲ್ಲಿ ಸುಮಾರು 800 ಮೀಟರ್ ಎತ್ತರದಲ್ಲಿ ಹುಟ್ಟಿ, ಲಾತೂರು ದಾಟಿ, ನಮ್ಮ ಜಿಲ್ಲೆಯನ್ನು ಹಾಯ್ದು, ತೆಲಂಗಾಣಕ್ಕೆ ಇಳಿದು ಗೋದಾವರಿಯನ್ನು ಸೇರುತ್ತದೆ. ಒಟ್ಟು 700 ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಒಂದು ಶ್ರಾವಣದಲ್ಲಿ ಬೀದರದಿಂದ ಔರಾದಿಗೆ ಹೋಗುವಾಗ ಕೌಠಾದ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದೆವು. ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮಕ್ಕಳು ಕುಣಿದರು, ನಾನು ಮಾತು ಬಿಟ್ಟು ನಿಂತೆ. ಅತ್ತೆ ಕಂಬಿ ಹಿಡಿದು ಬಹಳ ಹೊತ್ತು ನೋಡಿ, "ಎಷ್ಟು ನೀರು ಸುಮ್ನ ಹೋಗ್ಲಾಕತ್ಯಾವ ನೋಡವಾ" ಎಂದರು. ಆಗ ನಾನು, ಇವರಿಗೆ ನದಿ ಎಂದರೆ ಬರೀ ಕೊಡದ ಲೆಕ್ಕ ಎಂದುಕೊಳ್ಳುವಷ್ಟರಲ್ಲಿ ಅವರೇ ಮುಂದುವರಿಸಿದರು: "ಛಂದ ಅದ. ಹಿಂಗ ತುಂಬಿದಾಗ ದಂಡ್ಯಾಗ ಬರ್ಲಾಕ ಬಿಡ್ತಿದ್ದಿಲ್ಲ. ಮಾಳಗಿ ಮ್ಯಾಲ ಏರಿ ನೋಡ್ತಿದ್ದಿವಿ."

ದುಡಿಯುವವರಿಗೆ ಚೆಲುವು ಕಾಣುವುದಿಲ್ಲ ಎಂಬ ಮಾತನ್ನು ಓದಿದವರು ಬಹಳ ಕನಿಕರದಿಂದ ಆಡುತ್ತಾರೆ. ಆ ಕನಿಕರದಲ್ಲಿ ಒಂದಿಷ್ಟು ಅವಮಾನವೂ ಇದೆ. ಮಾಳಿಗೆ ಏರಿ ಹೊಳೆ ನೋಡಿದ ಸೊಸೆಯಂದಿರು ಕೆಳಗೆ ರೊಟ್ಟಿ ತಟ್ಟುವುದನ್ನು ಬಿಟ್ಟೇ ಏರಿರಬೇಕು.

ನಮಗೆ ಪರಿಚಯದ ಮೇಷ್ಟ್ರೊಬ್ಬರು 1980ರ ದಶಕದಲ್ಲಿ ಇಥಿಯೋಪಿಯಾದಲ್ಲಿ ಪಾಠ ಹೇಳುತ್ತಿದ್ದರು. ಆ ದೇಶದ ಶಾಲೆಗಳಲ್ಲಿ ಆಗ ಭಾರತದ ಶಿಕ್ಷಕರು ಬಹಳ ಮಂದಿ ಇದ್ದರು. ಅವರ ಮನೆಯ ಶೋಕೇಸಿನಲ್ಲಿ ಒಂದು ಜಲಪಾತದ ಚಿತ್ರವಿದೆ. ಅಲ್ಲಿಯ ಎತ್ತರದ ಸೀಮೆಯಲ್ಲಿ, ಸುಮಾರು 1,800 ಮೀಟರ್ ಮೇಲೆ, ತಾನಾ ಎಂಬ ಸರೋವರ. ಅದರಿಂದ ಹೊರಟ ನೀಲಿ ನೈಲ್ ನದಿ 30 ಕಿಲೋಮೀಟರ್ ಹರಿದು ಬಂಡೆಯಿಂದ ಧುಮುಕುತ್ತದೆ. ಹೊಗೆಯಾಡುವ ನೀರು ಎಂಬರ್ಥದ ಹೆಸರು ಅದಕ್ಕೆ. ಅಲ್ಲಿಂದ ಸುಡಾನ್, ಈಜಿಪ್ಟ್ ದಾಟಿ ಸಮುದ್ರ. ಒಮ್ಮೆ ಮೇಷ್ಟ್ರ ಮಡದಿ ಅದೇ ಚಿತ್ರದ ಮೂಲ ಪ್ರತಿಯನ್ನು ಆಲ್ಬಮ್ಮಿನಲ್ಲಿ ತೋರಿಸಿದರು. ಅದರ ಎಡ ಅಂಚಿನಲ್ಲಿ ಒಬ್ಬ ಹೆಂಗಸು ಇದ್ದಳು. ಅಲ್ಲಿಯ ರೂಢಿಯಂತೆ ಮಣ್ಣಿನ ಕೊಡವನ್ನು ಬೆನ್ನಿಗೆ ಕಟ್ಟಿಕೊಂಡು, ಬಾಗಿ ನಡೆಯುತ್ತಿದ್ದಳು. ದೊಡ್ಡದು ಮಾಡಿಸುವಾಗ ಆ ಅಂಚನ್ನು ಕತ್ತರಿಸಲು ಸ್ಟುಡಿಯೋದವನಿಗೆ ಇವರೇ ಹೇಳಿದ್ದರಂತೆ. "ಪಾಪ, ನಡುವೆ ಬಂದುಬಿಟ್ಟಿದ್ದಳು" ಎಂದರು. ಬಹಳ ಒಳ್ಳೆಯ ಹೆಣ್ಣುಮಗಳು ಅವರು, ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಿದವರಲ್ಲ. ಆದರೆ ಆ ಚಿತ್ರದಲ್ಲಿ ಯಾರು ಯಾರ ನಡುವೆ ಬಂದರು ಎಂಬುದು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಅವರ ಮಗ ದೊಡ್ಡವನಾದ ಮೇಲೆ ಅದೇ ಜಾಗಕ್ಕೆ ಹೋಗಿ ಬಂದ. "ಏನೂ ಇಲ್ಲ ಕಾಕೂ, ಒಂದು ಎಳೆ ನೀರು ಅಷ್ಟೆ, ಹಾಳು ಮಾಡಿಬಿಟ್ಟಿದ್ದಾರೆ" ಎಂದ. ನಿಜವೇ. 2001ರಲ್ಲಿ ಅಲ್ಲಿ ಎರಡನೆಯ ವಿದ್ಯುದಾಗಾರ ಬಂದು ನೀರು ಆ ಕಡೆ ತಿರುಗಿತು. ಮಳೆಗಾಲ ಬಿಟ್ಟರೆ ಹಳೆಯ ವೈಭವ ಇಲ್ಲ. ಜೋಗಕ್ಕೆ ಹೋದಾಗ ನಾವೂ ಹೀಗೇ ಗೊಣಗುತ್ತೇವೆ. 1948ರಲ್ಲಿ ಅಲ್ಲಿ ವಿದ್ಯುತ್ತು ಹುಟ್ಟಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯ ನೀರು ದೀಪವಾಗಿ ನಮ್ಮ ಮನೆಗಳಿಗೆ ಬಂತು. ಆ ದೀಪದ ಬೆಳಕಿನಲ್ಲೇ ಕುಳಿತು, ಜೋಗದಲ್ಲಿ ನೀರಿರಲಿಲ್ಲ ಎಂದು ತಂಗಿಗೆ ಕಾಗದ ಬರೆಯುತ್ತೇವೆ. ಹಿನ್ನೀರಿನಲ್ಲಿ ಮನೆ ಮುಳುಗಿದವರ ಸಂಗತಿ ಆ ಕಾಗದದಲ್ಲಿ ಬರುವುದಿಲ್ಲ. ಅದೂ ಅಂಚಿನದೇ.

ಹಾಗಾದರೆ ನೋಡಲೇಬಾರದೇ? ನನ್ನ ಗೆಳತಿಯೊಬ್ಬಳು ಹಾಗೆಯೇ ವಾದಿಸುತ್ತಾಳೆ: ಇನ್ನೊಬ್ಬರು ಹೊರುವ ನೀರನ್ನು ನಾವು ಸವಿದು ನೋಡುವುದು ಅಸಹ್ಯ ಎಂದು. ನಾನು ಒಪ್ಪುವುದಿಲ್ಲ. ನೋಡದವರಿಗೆ ನದಿ ಬತ್ತಿದ್ದೂ ತಿಳಿಯುವುದಿಲ್ಲ. 2016ರ ಬೇಸಿಗೆಯಲ್ಲಿ ಮಾಂಜ್ರಾದ ಮೇಲ್ಭಾಗದ ಧನೇಗಾಂವ ಅಣೆಕಟ್ಟು ಬತ್ತಿ, ಆ ನೀರನ್ನೇ ನಂಬಿದ ಲಾತೂರು ನಗರಕ್ಕೆ ಮೀರಜ್‌ನಿಂದ ರೈಲಿನಲ್ಲಿ ನೀರು ತಂದರು. ಏಪ್ರಿಲ್‌ನ ಮೊದಲ ರೈಲಿನಲ್ಲಿ ಹತ್ತು ಟ್ಯಾಂಕರು, ಸುಮಾರು 5 ಲಕ್ಷ ಲೀಟರು. ಕೃಷ್ಣೆಯ ನೀರು ರೈಲು ಹತ್ತಿ ಮಾಂಜ್ರೆಯ ಊರಿಗೆ ಬಂದಂತಾಯಿತು. ಪತ್ರಿಕೆಗಳು ಬರವನ್ನು ದೂರಿದವು, ಕೆಲವು ಕಬ್ಬನ್ನೂ ದೂರಿದವು. ಕಬ್ಬು ಎಷ್ಟು ನೀರು ಕುಡಿಯುತ್ತದೆಂಬುದು ಆ ಸೀಮೆಯ ರೈತರಿಗೆ ಗೊತ್ತು. ಅದು ಸಕ್ಕರೆಯಾಗಿ ನಮ್ಮ ಚಹಾದ ಕಪ್ಪಿಗೆ ಬರುವಾಗ ನೀರಿನ ಗುರುತು ಉಳಿದಿರುವುದಿಲ್ಲ.

ಆ ವರ್ಷ ಯಾರೂ ಹೊಳೆ ನೋಡಲು ಹೋಗಲಿಲ್ಲ. ನೋಡುವಂಥದ್ದು ಏನಿತ್ತು, ಉಸುಕು! ಆದರೆ ಅತ್ತೆಗೆ ಉಸುಕಿನ ಹೊಳೆಯೂ ಚೆನ್ನಾಗಿ ಗೊತ್ತು. ಅವರು ಸೊಸೆಯಾಗಿ ಬಂದ ಮೇಲಿನ ಬರಗಾಲದಲ್ಲಿ ಹೊಳೆಯೊಡಲಲ್ಲಿ ಒರತೆ ತೋಡಿ ನೀರು ತರುತ್ತಿದ್ದರಂತೆ. ಅದಕ್ಕೊಂದು ಕ್ರಮವಿತ್ತು. ಬಟ್ಟಲಿನಿಂದ ಮೊಗೆಯಬೇಕು, ಕೊಡ ಮುಳುಗಿಸಬಾರದು. ತನ್ನ ಕೊಡ ತುಂಬಿದ ಮೇಲೆ ಕದಡಿದ ನೀರನ್ನು ತಾನೇ ಮೊಗೆದು ಹೊರಗೆ ಚೆಲ್ಲಿ, ತಿಳಿನೀರು ಜಿನುಗುವ ಹಾಗೆ ಮಾಡಿ ಏಳಬೇಕು, ಹಿಂದಿನವಳಿಗಾಗಿ. ಹಾಗೆ ಮಾಡದೆ ಎದ್ದವಳ ಹೆಸರು ಊರಲ್ಲಿ ಕೆಡುತ್ತಿತ್ತು. "ಆಕಿ ಬೈದಳು ಅಂತ ಅಲ್ಲ, ನಾಳಿ ನಾನೂ ಆಕಿ ಹಿಂದ ಕೂಡಬೇಕಲ್ಲ" ಎಂದು ಅತ್ತೆ ನಗುತ್ತಾರೆ.

ನೀರಿನ ಹಂಚಿಕೆಗೆ ನಮ್ಮಲ್ಲಿ ನ್ಯಾಯಮಂಡಳಿಗಳಿವೆ. ಗೋದಾವರಿಯ ಕಣಿವೆಯದು 1980ರಲ್ಲಿ ತೀರ್ಪು ಕೊಟ್ಟಿತು, ಅದರಲ್ಲಿ ಮಾಂಜ್ರಾದ ಪಾಲೂ ಇದೆ. ಆ ಕಾಗದಪತ್ರಗಳನ್ನು ಬರೆದವರು ದೊಡ್ಡವರು. ಅವರೂ ಕೇಳಿದ್ದು ಒರತೆಯ ಪ್ರಶ್ನೆಯನ್ನೇ ಎಂದು ನನ್ನ ಭಾವನೆ, ಆದರೆ ಅಲ್ಲಿ ಹಿಂದೆ ಕುಳಿತವಳ ಮುಖ ಕಾಣುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯಾದವರು ಅದೇ ನೀಲಿ ನೈಲ್ ನದಿಗೆ, ಸುಡಾನಿನ ಗಡಿಯ ಹತ್ತಿರ, ಆಫ್ರಿಕಾದಲ್ಲೇ ದೊಡ್ಡದಾದ ಜಲವಿದ್ಯುತ್ ಅಣೆಕಟ್ಟನ್ನು ಉದ್ಘಾಟಿಸಿದರು. ಟಿ.ವಿ.ಯಲ್ಲಿ ಚಿತ್ರ ಬಂದಾಗ ಅತ್ತೆಗೆ ತೋರಿಸಿದೆ, ಮೇಷ್ಟ್ರ ಮನೆಯ ಶೋಕೇಸಿನ ಹೊಳೆ ಇದೇ ಎಂದೆ. ಅಷ್ಟು ನೀರನ್ನು ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ಛಂದ ಕಟ್ಯಾರ. ಆ ಮಂದಿಗಿ ಲೈಟ್ ಬರ್ತದಲ್ಲ?"

"ಬರ್ತದ ಅತ್ತಿ."

"ಕೆಳಗಿನ ಊರಿನವರು ಏನ್ ಅಂದ್ರು?"

ಈಜಿಪ್ಟಿನವರು ಬೇಡ ಎಂದರು, ವರ್ಷಗಟ್ಟಲೆ ಮಾತುಕತೆ ನಡೆಯಿತು, ಒಪ್ಪಂದ ಆಗಲಿಲ್ಲ ಎಂದು ತಿಳಿದಷ್ಟು ಹೇಳಿದೆ. ಅತ್ತೆ ಏನೂ ಅನ್ನಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು. ನನ್ನ ಕಪ್ಪಿಗೆ ಸಕ್ಕರೆ ಎಷ್ಟು ಎಂದು ಅಲ್ಲಿಂದಲೇ ಕೂಗಿ ಕೇಳಿದರು.